ಒಳ್ಳೆ ಸಾಕ್ಷಿಯಾಗಿ ಬದುಕೋದು ಹೇಗೆ? ಮನೆಯಿಂದ ಶುರು ಮಾಡೋರಿಗೆ ಒಂದು ಮಾರ್ಗದರ್ಶಿ

ನಮ್ಮ ಸಭೆಯಲ್ಲಿ ಯೂತ್ ಮೀಟಿಂಗ್ ಮುಗಿದ್ಮೇಲೆ ಒಬ್ಳು ಹುಡುಗಿ ಬಂದು ಕೇಳಿದ್ಳು, "ಆಂಟಿ, ನಂಗೆ ಮೈಕ್ ಹಿಡ್ಕೊಂಡು ಮಾತಾಡೋಕೆ ಬರಲ್ಲ, ಹಾಡೋಕೂ ಬರಲ್ಲ, ನಾನು ಹೇಗೆ ಸಾಕ್ಷಿಯಾಗಿರೋದು?" ಅವತ್ತು ಏನೋ ಎರಡು ಮಾತು ಹೇಳಿ ಕಳಿಸ್ಬಿಟ್ಟೆ, ಆಮೇಲೆ ಸರಿಯಾಗಿ ಉತ್ತರ ಕೊಡ್ಲಿಲ್ವಲ್ಲ ಅಂತ ಮನಸ್ಸಲ್ಲಿ ಕೊರೀತಾನೇ ಇತ್ತು. ಅದಕ್ಕೆ ಇದನ್ನ ಬರೀತಿದೀನಿ. ಸಾಕ್ಷಿ ಅಂದ್ರೆ ಕೋರ್ಟ್ ಸಾಕ್ಷಿ ಅಲ್ಲ, ನಮ್ಮ ಬದುಕು ನೋಡಿದವರಿಗೆ ಯೇಸು ಎಂಥವರು ಅಂತ ಗೊತ್ತಾಗೋ ಹಾಗೆ ಬದುಕೋದು. ನಾನು ಥಿಯಾಲಜಿ ಓದಿದವಳಲ್ಲ, 22 ವರ್ಷದಿಂದ ನರ್ಸ್ ಕೆಲಸ ಮಾಡ್ತಿದೀನಿ ಅಷ್ಟೆ, ವಾರ್ಡಲ್ಲಿ ಮನೇಲಿ ಕಲ್ತಿದ್ದನ್ನ ಹೇಳ್ತೀನಿ.

ಮತ್ತಾಯ 5ನೇ ಅಧ್ಯಾಯದಲ್ಲಿ "ನೀವು ಭೂಮಿಗೆ ಉಪ್ಪಾಗಿದ್ದೀರಿ" ಅಂತ ಯೇಸುಸ್ವಾಮಿ ಹೇಳಿದ್ದು ನಮಗೆಲ್ಲ ಬಾಯಿಪಾಠ. ನಮ್ಮ ಮಲೆನಾಡು ಕಡೆ ಮಿಡಿ ಉಪ್ಪಿನಕಾಯಿ ಹಾಕೋರನ್ನ ನೋಡಿದ್ರೆ ಆ ಮಾತು ಇನ್ನೂ ಚೆನ್ನಾಗಿ ಅರ್ಥ ಆಗತ್ತೆ. ಮಿಡೀನ ಮೊದ್ಲು ಬರೀ ಕಲ್ಲುಪ್ಪಲ್ಲಿ ಹಾಕಿ ಭರಣೀಲಿ ಎಷ್ಟೋ ದಿನ ಇಡ್ತಾರೆ, ಉಪ್ಪು ಕರಗಿ ಒಳಗಿಳಿದು ಮಿಡಿ ಚಿರುಟೋ ತನಕ ಮಸಾಲೆ ಮಾತೇ ಇಲ್ಲ. ನಮ್ಮಲ್ಲಿ ತುಂಬಾ ಜನ ಮಸಾಲೆಯಿಂದ ಶುರು ಮಾಡ್ತಾರೆ, ಸ್ಟೇಟಸ್‌ಗೆ ವಚನ, ಬೈಕ್ ಮೇಲೆ ಸ್ಟಿಕ್ಕರ್, ಬಾಯ್ತುಂಬ ಸ್ತೋತ್ರ. ಅದೆಲ್ಲ ತಪ್ಪು ಅಂತಲ್ಲ, ಆದ್ರೆ ಅದು ಆಮೇಲಿಂದು.

ಮೊದ್ಲು ಒಂದು ಪೇಪರ್ ತಗೊಳ್ಳಿ

ಇವತ್ತು ರಾತ್ರಿ ಎಲ್ರೂ ಮಲಗಿದ್ಮೇಲೆ ಕೂತ್ಕೊಂಡು ನೀವು ಯಾರ್ಯಾರಿಗೆ ಏನೇನು ಬಾಕಿ ಇದೀರಿ ಅಂತ ಬರೀರಿ. ದುಡ್ಡು ಮಾತ್ರ ಅಲ್ಲ. ಈಸ್ಕೊಂಡು ವಾಪಸ್ ಕೊಡದ ಸ್ಟೀಲ್ ಡಬ್ಬಿ, ಓದಿ ಕೊಡ್ತೀನಿ ಅಂದಿದ್ದ ಪುಸ್ತಕ, ಮಾಡ್ಕೊಡ್ತೀನಿ ಅಂತ ಮಾತು ಕೊಟ್ಟು ಮರೆತಿದ್ದು, ಕೇಳದೇ ಉಳಿದ ಕ್ಷಮೆ, ಎಲ್ಲಾನೂ. ಯಾಕೆ ಇದೇ ಮೊದ್ಲು ಅಂದ್ರೆ, ನಿಮ್ಮಿಂದ ಸಾವಿರ ರೂಪಾಯಿ ಬರಬೇಕಾಗಿರೋ ಅಂಗಡಿಯವರಿಗೆ ನೀವು ದೇವರ ಪ್ರೀತಿ ಬಗ್ಗೆ ಎಷ್ಟು ಹೇಳಿದ್ರೂ ಅವರ ಕಣ್ಣ ಮುಂದೆ ಬರೋದು ಆ ಸಾವಿರ ರೂಪಾಯೀನೇ. ಲೂಕ 19ರಲ್ಲಿ ಸುಂಕ ವಸೂಲಿ ಮಾಡ್ತಿದ್ದ ಜಕ್ಕಾಯನ ಕಥೆ ನೋಡಿ, ಯೇಸು ಅವನ ಮನೆಗೆ ಬಂದ ದಿನ ಅವನು ಭಾಷಣ ಏನೂ ಮಾಡ್ಲಿಲ್ಲ, ಆಸ್ತಿಯಲ್ಲಿ ಅರ್ಧ ಬಡವರಿಗೆ, ಯಾರ ಹತ್ರ ಮೋಸ ಮಾಡಿ ಕಿತ್ಕೊಂಡಿದ್ನೋ ಅವರಿಗೆ ನಾಲ್ಕರಷ್ಟು ವಾಪಸ್ ಅಂದ. ಊರಿಗೆ ಅದೇ ಸಾಕ್ಷಿ. ಮತ್ತಾಯ 5ರಲ್ಲಿ, ಬಲಿಪೀಠದ ಹತ್ರ ಕಾಣಿಕೆ ತಂದಾಗ ಸಹೋದರನಿಗೆ ನಿನ್ನ ಮೇಲೆ ಬೇಜಾರಿದೆ ಅಂತ ನೆನಪಾದ್ರೆ ಕಾಣಿಕೆ ಅಲ್ಲೇ ಇಟ್ಟು ಮೊದ್ಲು ಹೋಗಿ ರಾಜಿಯಾಗು ಅಂತಾನೂ ಇದೆಯಲ್ಲ, ನಾವು ಯಾರೂ ಹಾಗೆ ಕಾಣಿಕೆ ಹೊತ್ತಲ್ಲಿ ಎದ್ದು ಹೋಗಿದ್ದು ನಾನಂತೂ ನೋಡಿಲ್ಲ.

ಎಲ್ಲಾ ಒಂದೇ ದಿನ ತೀರಿಸೋಕಾಗಲ್ಲ. ಸಣ್ಣದರಿಂದ ಶುರು ಮಾಡಿ, ವಾರಕ್ಕೆ ಒಂದು. ದುಡ್ಡು ಇಲ್ದಿದ್ರೆ ಫೋನ್ ಎತ್ತದೆ ತಪ್ಪಿಸ್ಕೊಂಡು ತಿರುಗಬೇಡಿ, ನೀವೇ ಫೋನ್ ಮಾಡಿ "ಈ ತಿಂಗಳು 500 ಕೊಡ್ತೀನಿ, ಉಳಿದಿದ್ದು ಹೀಗ್ಹೀಗೆ" ಅಂತ ಹೇಳಿ, ಹೇಳಿದ ದಿನಕ್ಕೆ ಕೊಡಿ.

ಕ್ಷಮೆ ಕೇಳೋದು ಮಾತ್ರ ಸ್ವಲ್ಪ ಕಷ್ಟ, ಅದರ ಬಗ್ಗೆ ನನ್ನದೇ ಒಂದು ಹೇಳ್ತೀನಿ. ತುಂಬಾ ವರ್ಷದ ಹಿಂದೆ ನೈಟ್ ಡ್ಯೂಟಿ, ಬೆಡ್ ಜಾಸ್ತಿ ಕೈ ಕಮ್ಮಿ, ಒಬ್ರು ಅಜ್ಜಿ ಮಗನ ಡ್ರಿಪ್ ಬಾಟ್ಲಿ ಖಾಲಿ ಆಗ್ತಿದೆ ಅಂತ ಮೂರನೇ ಸಲ ಬಂದ್ರು, ನಾನು ಇಡೀ ವಾರ್ಡಿಗೆ ಕೇಳೋ ಹಾಗೆ "ಒಂದ್ಸಲ ಹೇಳಿದ್ರೆ ಅರ್ಥ ಆಗಲ್ವಾ ನಿಮಗೆ" ಅಂತ ಕಿರುಚಿಬಿಟ್ಟೆ. ಪಕ್ಕದ ಬೆಡ್‌ನೋರು ಮೆಲ್ಲಗೆ ಅಂದಿದ್ದು ನನ್ನ ಕಿವಿಗೆ ಬಿತ್ತು, "ಈ ಸಿಸ್ಟರ್ ಕತ್ತಲ್ಲಿ ಶಿಲುಬೆ ಬೇರೆ ಇದೆ." ಮನೆಗೆ ಹೋದ್ರೂ ನಿದ್ದೆ ಬರ್ಲಿಲ್ಲ. ಮಾರನೇ ದಿನ ಡ್ಯೂಟಿಗೆ ಬಂದ ತಕ್ಷಣ ಅಜ್ಜಿ ಹತ್ರ ಹೋಗಿ ಎಲ್ರಿಗೂ ಕೇಳೋ ಹಾಗೇ ಹೇಳ್ದೆ, "ಅಜ್ಜಿ, ನಿನ್ನೆ ನಾನು ನಿಮ್ಮ ಮೇಲೆ ಕಿರುಚಬಾರ್ದಿತ್ತು, ತಪ್ಪಾಯ್ತು." ಅಜ್ಜಿ "ಬಿಡವ್ವ, ನಿಂಗೂ ನಿದ್ದೆ ಇರಲ್ಲ" ಅಂದು ಅರ್ಧ ಕಿತ್ತಳೆಹಣ್ಣು ಕೈಗಿಟ್ರು. ಅವತ್ತು ಎರಡು ವಿಷಯ ಕಲ್ತೆ. ಬೈದಿದ್ದು ನಾಲ್ಕು ಜನರ ಮುಂದೆ ಆದ್ರೆ ಕ್ಷಮೆ ಕೇಳೋದೂ ನಾಲ್ಕು ಜನರ ಮುಂದೇನೇ ಆಗ್ಬೇಕು, ಮೂಲೆಗೆ ಕರ್ಕೊಂಡು ಹೋಗಿ ಅಲ್ಲ. ಮತ್ತೆ ತಪ್ಪಾಯ್ತು ಅಂದ್ಮೇಲೆ "ಆದ್ರೆ" ಅನ್ನೋ ಪದ ಬರಬಾರ್ದು. "ತಪ್ಪಾಯ್ತು, ಆದ್ರೆ ನೀವೂ ಹಾಗೆ ಮಾತಾಡಿದ್ರಿ" ಅಂದ್ರೆ ಅದು ಕ್ಷಮೆ ಅಲ್ಲ, ಜಗಳದ ಎರಡನೇ ಭಾಗ.

ಮನೆ ಒಳಗೆ, ಅದ್ರಲ್ಲೂ ಕೆಲಸಕ್ಕೆ ಬರೋರ ವಿಷಯ

ಹೆಂಡ್ತಿ ಗಂಡ ಮಕ್ಕಳು ಅತ್ತೆ ಮಾವ, ಇವರ ಬಗ್ಗೆ ಚರ್ಚ್ ಪ್ರಸಂಗದಲ್ಲಿ ಬೇಕಾದಷ್ಟು ಕೇಳಿರ್ತೀರಿ, ನಾನು ಒಂದೇ ಹೇಳ್ತೀನಿ: ಚರ್ಚಿಂದ ಮನೆಗೆ ವಾಪಸ್ ಬರೋ ಆ ಇಪ್ಪತ್ತು ನಿಮಿಷ ಬಾಯಿಗೆ ಬೀಗ ಹಾಕ್ಕೊಳಿ. ಆಟೋದಲ್ಲಿ ಕೂತು ಪಾಸ್ಟರ್ ಅಯ್ಯನವರ ಪ್ರಸಂಗ ಉದ್ದ ಆಯ್ತು, ಅವರ ಸೀರೆ ಹಾಗಿತ್ತು, ಇವರು ಕಾಣಿಕೆ ಅಷ್ಟೇ ಹಾಕಿದ್ರು ಅಂತ ನಾವು ಆಡೋ ಮಾತು ಮಕ್ಕಳಿಗೆ ಸಂಡೇ ಸ್ಕೂಲ್ ಪಾಠಕ್ಕಿಂತ ಜಾಸ್ತಿ ನೆನಪಿರತ್ತೆ.

ಯಾರೂ ಹೇಳದೇ ಇರೋದು ಮನೆಕೆಲಸಕ್ಕೆ ಬರೋರ ವಿಷಯ. ಅವರು ನಮ್ಮನ್ನ ಬಾಗಿಲ ಹಿಂದಿಂದ ನೋಡಿರೋರು. ಕುಟುಂಬ ಪ್ರಾರ್ಥನೆ ಕೇಳಿಸ್ಕೊಂಡಿರ್ತಾರೆ, ಅದಾಗಿ ಐದು ನಿಮಿಷಕ್ಕೆ ನಾವು ಕೂಗಾಡೋದನ್ನೂ ಕೇಳಿಸ್ಕೊಂಡಿರ್ತಾರೆ. ಹತ್ತು ಆಜ್ಞೆಗಳಲ್ಲಿ ಸಬ್ಬತ್ ದಿನದ, ಅಂದ್ರೆ ವಾರದ ವಿಶ್ರಾಂತಿ ದಿನದ ಆಜ್ಞೆನ ಪೂರ್ತಿ ಓದಿ, ವಿಮೋಚನಕಾಂಡ 20:10, ಅಲ್ಲಿ ರೆಸ್ಟ್ ತಗೋಬೇಕಾದವರ ಪಟ್ಟಿಯಲ್ಲಿ ಗಂಡಾಳು ಹೆಣ್ಣಾಳು, ಪಶುಗಳು, ಊರಲ್ಲಿರೋ ಪರದೇಶಿ ಎಲ್ಲಾ ಇದಾರೆ. ನಾವು ಭಾನುವಾರ ಬಿಳಿ ಬಟ್ಟೆ ಹಾಕ್ಕೊಂಡು ಆರಾಧನೆಗೆ ಹೋಗಿರ್ತೀವಿ, ಇಲ್ಲಿ ಅವರು ನಮ್ಮ ಶನಿವಾರ ರಾತ್ರಿಯ ಬಿರಿಯಾನಿ ಪಾತ್ರೆ ಉಜ್ಜುತಾ ಇರ್ತಾರೆ. ಇದು ನಂಗೆ ಹೊಳೆಯೋಕೇ ಎಷ್ಟೋ ವರ್ಷ ಹಿಡೀತು.

ಇದನ್ನೇ ಸೀದಾ ಮಾಡೋಕೆ ಹೇಳೋದಾದ್ರೆ, ಭಾನುವಾರ ರಜಾ ಕೊಡಿ, ಸಂಬಳ ಕಟ್ ಮಾಡ್ದೆ. ಸಂಬಳ ಒಂದನೇ ತಾರೀಕು ಅಂದ್ರೆ ಒಂದನೇ ತಾರೀಕೇ, "ನಾಳೆ ಎಟಿಎಂಗೆ ಹೋಗ್ತೀನಿ" ಬೇಡ. ಕೂಲಿಯವನ ಕೂಲಿ ಬೆಳಗಾಗೋ ತನಕ ನಿನ್ನ ಹತ್ರ ಇರಬಾರ್ದು ಅಂತ ಯಾಜಕಕಾಂಡ 19:13ರಲ್ಲಿ ಇದೆ, ಯಾಕೋಬನ ಪತ್ರದಲ್ಲಂತೂ ಕೊಡದ ಕೂಲಿ ದೇವರ ಕಿವಿಗೆ ಕೂಗಿಕೊಳ್ಳತ್ತೆ ಅಂತ ಬರೆದಿದೆ. ನೀವು ಕುಡಿಯೋ ಲೋಟದಲ್ಲೇ ಅವರಿಗೂ ಕಾಫಿ ಕೊಡಿ, ಕೂತ್ಕೊಂಡು ಕುಡೀಲಿ. ಬೇರೆ ಲೋಟ ಕಿಟಕಿ ಮೇಲೆ ಇಟ್ಟಿರೋ ಕ್ರೈಸ್ತ ಮನೆಗಳನ್ನ ನಾನು ಕಣ್ಣಾರೆ ನೋಡಿದೀನಿ, ಹೊಟ್ಟೆ ಉರಿಯತ್ತೆ. ಜಾತಿ ಇಲ್ಲ ಅಂತ ಹೇಳ್ಕೊಂಡು ಮದುವೆ ಸಂಬಂಧ ನೋಡೋವಾಗ "ಅವರು ಮೊದ್ಲು ಯಾವ ಜನ" ಅಂತ ಮೆಲ್ಲಗೆ ವಿಚಾರಿಸ್ತೀವಲ್ಲ, ಅದೂ ಇದೇ ಲೋಟಾನೇ. ಹೇಳೋದು ಆಚಾರ ಮಾಡೋದು ಅನಾಚಾರ ಅಂತ ಜನ ಸುಮ್ನೆ ಅನ್ನಲ್ಲ.

ಕೆಲಸದ ಜಾಗ

ಇಲ್ಲಿ ಹತ್ತು ತೀರ್ಮಾನ ಒಟ್ಟಿಗೆ ಮಾಡ್ಬೇಡಿ, ಒಂದು ತಿಂಗಳಿಗೆ ಒಂದೇ ಇಟ್ಕೊಳಿ. ಈ ತಿಂಗಳು ಹೇಳಿದ ಟೈಮಿಗೆ ಹೋಗೋದು. ಮುಂದಿನ ತಿಂಗಳು ಆಫೀಸ್ ಸಾಮಾನು ಮನೆಗೆ ತರದೇ ಇರೋದು (ನಮ್ಮಲ್ಲಿ ಹತ್ತಿ, ಗ್ಲೌಸ್, ಪ್ಲಾಸ್ಟರ್ ಎಲ್ಲಾ ಸಲೀಸಾಗಿ ಬ್ಯಾಗಿಗೆ ಹೋಗತ್ತೆ, ನಾನೂ ತಂದಿದೀನಿ, ನಿಲ್ಲಿಸಿದೀನಿ). ಅದರ ಮುಂದಿನ ತಿಂಗಳು ಸುಳ್ಳು ಸಿಕ್ ಲೀವ್ ಹಾಕದೇ ಇರೋದು. ಹೌದು ಅಂದ್ರೆ ಹೌದು, ಅಲ್ಲ ಅಂದ್ರೆ ಅಲ್ಲ ಅಂತ ಮತ್ತಾಯ 5:37ರಲ್ಲಿ ಇರೋದು ಇದಕ್ಕೇ. ಆಗಲ್ಲ ಅನ್ನೋದನ್ನ ಮುಖಕ್ಕೆ ನೇರವಾಗಿ ಆದ್ರೆ ಮರ್ಯಾದೆಯಾಗಿ ಹೇಳೋಕೆ ಕಲೀರಿ, "ನೋಡೋಣ" ಅಂತ ತೇಲಿಸಬೇಡಿ.

ಎದುರಿಗಿಲ್ದಿರೋರ ಬಗ್ಗೆ ಮಾತು ಶುರುವಾದಾಗ ಉಪದೇಶ ಮಾಡೋಕೆ ಹೋಗ್ಬೇಡಿ, ಅದು ಇನ್ನೂ ಕೆಟ್ಟದಾಗತ್ತೆ. ಅವರ ಬಗ್ಗೆ ನಿಮಗೆ ಗೊತ್ತಿರೋ ಒಂದು ನಿಜವಾದ ಒಳ್ಳೆ ವಿಷಯ ಹೇಳಿ ಎದ್ದು ಹೋಗಿ. ಆರು ತಿಂಗಳು ಹೀಗೆ ಮಾಡಿದ್ರೆ ಜನ ತಮ್ಮ ಗುಟ್ಟು ಹೇಳ್ಕೊಳೋಕೆ ನಿಮ್ಮ ಹತ್ರಾನೇ ಬರ್ತಾರೆ, ಯಾಕಂದ್ರೆ ಅವರ ಬೆನ್ನ ಹಿಂದೆಯೂ ನೀವು ಹೀಗೇ ಇರ್ತೀರಿ ಅಂತ ನಂಬಿಕೆ ಬಂದಿರತ್ತೆ.

ಅಕ್ಕಪಕ್ಕದವರ ಜೊತೆ

ಚರ್ಚ್ ಮುಂದೆ ಗಾಡಿ ನಿಲ್ಲಿಸೋವಾಗ ಯಾರ ಗೇಟಿಗೆ ಅಡ್ಡ ಇದೆ ನೋಡಿ. ಕ್ರಿಸ್ಮಸ್ ಕ್ಯಾರಲ್‌ಗೆ ಹೋದಾಗ ಪಕ್ಕದ ಮನೇಲಿ ಎಸ್ಸೆಸ್ಸೆಲ್ಸಿ ಮಗು ಇದೆಯಾ, ಕಾಯಿಲೆಯವರಿದಾರಾ ಕೇಳಿ, ರಾತ್ರಿ 10ರ ಮೇಲೆ ಮೈಕ್ ಬೇಡ, ಕಾನೂನೂ ಅದನ್ನೇ ಹೇಳತ್ತೆ. ಸಂಕ್ರಾಂತಿಗೆ ಅವರು ಎಳ್ಳುಬೆಲ್ಲ ಕೊಟ್ಟ ಬಟ್ಟಲನ್ನ ಖಾಲಿ ಕಳಿಸ್ಬೇಡಿ, ಕ್ರಿಸ್ಮಸ್‌ಗೆ ನೀವು ತಟ್ಟೆ ಕಳಿಸೋವಾಗ ಅವರು ಮೊಟ್ಟೆ ತಿಂತಾರೋ ಇಲ್ವೋ ತಿಳ್ಕೊಂಡು, ತಿನ್ನದಿದ್ರೆ ಕೇಕ್ ಬದ್ಲು ಕಜ್ಜಾಯ, ಮೊಟ್ಟೆ ಹಾಕದ ಕಲ್‌ಕಲ್, ಚಕ್ಲಿ ಇಡಿ.

ಪ್ರಸಾದ ಕೊಟ್ರೆ ಏನು ಮಾಡ್ಲಿ ಅಂತ ಹೊಸ ವಿಶ್ವಾಸಿಗಳು ತುಂಬಾ ಕೇಳ್ತಾರೆ. ಇದ್ರಲ್ಲಿ ನಮ್ಮವರಲ್ಲೇ ಒಂದೇ ಅಭಿಪ್ರಾಯ ಇಲ್ಲ, ಅಪೊಸ್ತಲ ಪೌಲ 1 ಕೊರಿಂಥ 8 ಮತ್ತು 10ರಲ್ಲಿ ವಿಗ್ರಹಕ್ಕೆ ಅರ್ಪಿಸಿದ ಊಟದ ಬಗ್ಗೆ ಉದ್ದಕ್ಕೆ ಬರೆದಿದಾನೆ, ಓದಿ ನಿಮ್ಮ ಮನಸ್ಸಾಕ್ಷಿ ಪ್ರಕಾರ ನಡೀರಿ. ತಗೊಳಲ್ಲ ಅಂದ್ರೆ ಕೈ ಮುಗಿದು "ನೀವು ನೆನೆಸ್ಕೊಂಡಿದ್ದೇ ಸಂತೋಷ ಅಕ್ಕ, ನಾವು ಇದನ್ನ ತಗೊಳಲ್ಲ, ಬೇಜಾರು ಮಾಡ್ಕೋಬೇಡಿ, ಒಂದು ಲೋಟ ಕಾಫಿ ಕೊಡಿ ಕುಡಿದೇ ಹೋಗ್ತೀನಿ" ಅನ್ನಿ. ಮುಖ ಸಿಂಡರಿಸೋದು, ತಗೊಂಡು ಆಮೇಲೆ ಎಸೆಯೋದು, ಅವರ ದೇವರ ಬಗ್ಗೆ ಹಗುರವಾಗಿ ಮಾತಾಡೋದು, ಇದು ಯಾವ ಕಾರಣಕ್ಕೂ ಕೂಡದು. ಒಂದು ಸಲ ಹಾಗೆ ಮಾಡಿದ್ರೆ ಆ ಮನೆ ಬಾಗಿಲು ನಿಮಗೆ ಮಾತ್ರ ಅಲ್ಲ, ನಿಮ್ಮ ಹಿಂದೆ ಬರೋ ಎಲ್ಲ ಕ್ರೈಸ್ತರಿಗೂ ಮುಚ್ಚಿಹೋಗತ್ತೆ.

ಕಷ್ಟದಲ್ಲಿರೋರ ಹತ್ರ ಹೋಗೋದು

ನರ್ಸಿಂಗ್ ಓದಿದವರಿಗೆಲ್ಲ ವೆಲ್ಲೂರಿನ ಐಡಾ ಸ್ಕಡರ್ ಅವರ ಕಥೆ ಗೊತ್ತಿರತ್ತೆ. ಮಿಷನರಿ ಡಾಕ್ಟರ್ ಮಗಳು, ಆದ್ರೆ ಇಂಡಿಯಾದಲ್ಲಿ ಇರೋ ಆಸೆ ಇರ್ಲಿಲ್ಲ. ತಿಂಡಿವನಂನಲ್ಲಿ ಒಂದೇ ರಾತ್ರಿ ಮೂರು ಜನ ಗಂಡಸರು ಒಬ್ಬರ ಹಿಂದೆ ಒಬ್ಬರು ಬಂದು ಬಾಗಿಲು ತಟ್ಟಿದ್ರು, ಹೆರಿಗೆಯಲ್ಲಿ ಒದ್ದಾಡ್ತಿರೋ ಹೆಂಡ್ತಿಗೆ ಸಹಾಯ ಬೇಕಿತ್ತು, ಗಂಡು ಡಾಕ್ಟರ್‌ನ ಒಳಗೆ ಬಿಡೋ ಹಾಗಿರ್ಲಿಲ್ಲ, ಈ ಹುಡುಗಿಗೆ ವೈದ್ಯ ಗೊತ್ತಿರ್ಲಿಲ್ಲ. ಬೆಳಗಾಗೋಷ್ಟರಲ್ಲಿ ಮೂರೂ ಜನ ಹೆಂಗಸರು ತೀರ್ಕೊಂಡಿದ್ರು. ಅಲ್ಲಿಂದ ಅಮೆರಿಕಕ್ಕೆ ಹೋಗಿ ಡಾಕ್ಟರ್ ಆಗಿ ವಾಪಸ್ ಬಂದು 1900ರಲ್ಲಿ ವೆಲ್ಲೂರಲ್ಲಿ ಒಂದೇ ಒಂದು ಮಂಚದ ಕ್ಲಿನಿಕ್ ಶುರು ಮಾಡಿದ್ರು, 1909ರಲ್ಲಿ ನರ್ಸಿಂಗ್ ಸ್ಕೂಲ್, 1918ರಲ್ಲಿ ಹೆಣ್ಣುಮಕ್ಕಳಿಗೆ ಮೆಡಿಕಲ್ ಸ್ಕೂಲ್. ಇವತ್ತಿನ ಸಿಎಂಸಿ ಆಸ್ಪತ್ರೆ, ಕಾಲೇಜು ಅದೇ. ನಾನು ಇದನ್ನ ಯಾಕೆ ಹೇಳ್ತೀನಿ ಅಂದ್ರೆ ಅವರು ದೊಡ್ಡ ಆಸ್ಪತ್ರೆ ಕಟ್ಟೋ ಪ್ಲ್ಯಾನ್‌ನಿಂದ ಶುರು ಮಾಡ್ಲಿಲ್ಲ, ಬಾಗಿಲು ತಟ್ಟಿದ್ದನ್ನ ಮರೀಲಿಲ್ಲ. ನಿಮ್ಮ ಬೀದೀಲಿ ಯಾರು ಬಾಗಿಲು ತಟ್ತಿದಾರೆ ಅಂತ ಕೇಳಿಸ್ಕೊಳಿ. ಡಯಾಲಿಸಿಸ್‌ಗೆ ವಾರಕ್ಕೆರಡು ಸಲ ಬಸ್ಸಲ್ಲಿ ಹೋಗೋರು ಇರಬಹುದು, ಗಂಡ ತೀರ್ಕೊಂಡ್ಮೇಲೆ ಪೆನ್ಶನ್ ಫಾರ್ಮ್ ತುಂಬೋಕೆ ಬರದೇ ಕೂತಿರೋರು ಇರಬಹುದು.

ಆಸ್ಪತ್ರೆಗೆ ನೋಡೋಕೆ ಹೋದ್ರೆ ಹತ್ತು ನಿಮಿಷ ಸಾಕು. ಬೆಡ್ ಮೇಲೆ ಕೂರಬೇಡಿ. ನಿಮಗೆ ಗೊತ್ತಿರೋರು ಇದೇ ಕಾಯಿಲೆಯಿಂದ ಹೋಗ್ಬಿಟ್ರು ಅನ್ನೋ ಕಥೆ ಬೇಡ. ಹಣ್ಣಿಗಿಂತ ಜೊತೆಗಿರೋರಿಗೆ ಒಂದು ಬಿಸಿ ಊಟದ ಡಬ್ಬಿ ತಂದ್ರೆ ದೊಡ್ಡ ಉಪಕಾರ, ಪೇಷೆಂಟಿಗೆ ಆಸ್ಪತ್ರೆ ಊಟ ಬರತ್ತೆ, ನೋಡ್ಕೊಳೋರು ಎಷ್ಟೋ ಸಲ ಬನ್ನು ಚಹಾದಲ್ಲೇ ದಿನ ತಳ್ತಿರ್ತಾರೆ. "ನಾನು ಎರಡು ಗಂಟೆ ಇಲ್ಲಿರ್ತೀನಿ, ನೀವು ಮನೆಗೆ ಹೋಗಿ ಸ್ನಾನ ಮಾಡಿ ಬನ್ನಿ" ಅನ್ನೋ ಮಾತಿಗೆ ಅವರ ಕಣ್ಣಲ್ಲಿ ನೀರು ಬರೋದನ್ನ ನೋಡಿದೀನಿ. ಪ್ರಾರ್ಥನೆ ಮಾಡ್ಬಹುದಾ ಅಂತ ಕೇಳಿ, ಬೇಡ ಅಂದ್ರೆ ಬೇಡ, ಮನಸ್ಸಲ್ಲಿ ಮಾಡ್ಕೊಳಿ. ಹೌದು ಅಂದ್ರೆ ಮೆಲ್ಲಗೆ ಅರ್ಧ ನಿಮಿಷ, ಪಕ್ಕದ ಬೆಡ್‌ನೋರು ಮಲಗಿರ್ತಾರೆ.

ಮತ್ತೆ ಮಾತ್ರೆ ನಿಲ್ಲಿಸಿ, ವಿಶ್ವಾಸ ಇಡಿ ಅಂತ ಯಾರಿಗೂ, ಯಾವತ್ತೂ ಹೇಳ್ಬೇಡಿ. ಬಿಪಿ, ಶುಗರ್, ಫಿಟ್ಸ್ ಮಾತ್ರೆ ನಿಲ್ಲಿಸಿ ಬಂದು ಬಿದ್ದವರನ್ನ ನಾನು ಎತ್ತಿದೀನಿ. ಟಿಬಿ ಮಾತ್ರೆಯಂತೂ ಡಾಕ್ಟರ್ ಹೇಳಿದಷ್ಟು ತಿಂಗಳು ಪೂರ್ತಿ ತಗೋಬೇಕು, ಮಧ್ಯ ಬಿಟ್ರೆ ಕಾಯಿಲೆ ಇನ್ನೂ ಗಟ್ಟಿಯಾಗಿ ವಾಪಸ್ ಬರತ್ತೆ, ಮನೆಯವರಿಗೂ ಹರಡತ್ತೆ. ಸುವಾರ್ತೆ ಬರೆದ ಲೂಕನೇ ವೈದ್ಯ, ಪೌಲ ತಿಮೊಥೆಯನಿಗೆ ಹೊಟ್ಟೆ ಸರಿ ಇಲ್ಲ ಅಂತ ಸ್ವಲ್ಪ ದ್ರಾಕ್ಷಾರಸ ತಗೋ ಅಂದಿದ್ದ. ಔಷಧಿ ನುಂಗೋಕೆ ಮುಂಚೆ ಪ್ರಾರ್ಥನೆ ಮಾಡಿ, ಆಮೇಲೆ ನುಂಗಿ.

ಎಲ್ಲಕ್ಕಿಂತ ಮುಖ್ಯ ಅಂತ ನಾನು ನಂಬೋದು ಇದನ್ನ: ನಿಮ್ಮ ಸಹಾಯಕ್ಕೆ ಬೆಲೆಚೀಟಿ ಅಂಟಿಸ್ಬೇಡಿ. ಅಕ್ಕಿ ಕೊಟ್ಟೆ, ಈಗ ಭಾನುವಾರ ಚರ್ಚಿಗೆ ಬನ್ನಿ. ಫೀಸ್ ಕಟ್ಟಿದೆ, ಈಗ ಮೀಟಿಂಗಿಗೆ ಬನ್ನಿ. ಇದು ಬೇಡ. ಮತಾಂತರದ ಕಾನೂನಿಗೆ ಹೆದರಿ ಹೇಳ್ತಿಲ್ಲ, ಲೂಕ 17 ನೋಡಿ ಹೇಳ್ತಿದೀನಿ. ಹತ್ತು ಜನ ಕುಷ್ಠರೋಗಿಗಳನ್ನ ಯೇಸು ವಾಸಿ ಮಾಡಿದ್ರು, ವಾಪಸ್ ಬಂದು ಕಾಲಿಗೆ ಬಿದ್ದಿದ್ದು ಒಬ್ಬನೇ, ಅವನೂ ಯೆಹೂದ್ಯರು ದೂರ ಇಟ್ಟಿದ್ದ ಸಮಾರ್ಯದ ಜನದವನು. ಉಳಿದ ಒಂಬತ್ತು ಜನ ಎಲ್ಲಿ ಅಂತ ಕೇಳಿದ್ರು ನಿಜ, ಬೇಜಾರಾಗಿರಬಹುದು, ಆದ್ರೆ ಆ ಒಂಬತ್ತು ಜನರ ಮೈಗೆ ಕುಷ್ಠ ವಾಪಸ್ ಬಂತು ಅಂತ ಎಲ್ಲೂ ಬರೆದಿಲ್ಲ. ಥ್ಯಾಂಕ್ಸ್ ಹೇಳದೇ ಹೋದವರೂ ವಾಸಿಯಾಗೇ ಮನೆಗೆ ಹೋದ್ರು. ನೀವು ಯಾರಿಗಾದ್ರೂ ಸಹಾಯ ಮಾಡಿ ಅವರು ತಿರುಗಿಯೂ ನೋಡದೇ ಹೋದಾಗ ಈ ಒಂಬತ್ತು ಜನರನ್ನ ನೆನೆಸ್ಕೊಳಿ.

ಕೇಳಿದಾಗ ಮಾತಾಡಿ

ಇಷ್ಟೆಲ್ಲ ಆದ್ಮೇಲೆ ಒಂದಲ್ಲ ಒಂದಿನ ಯಾರೋ ಕೇಳೇ ಕೇಳ್ತಾರೆ, ನೀವ್ಯಾಕೆ ಹೀಗಿದೀರಿ ಅಂತ. ಆವಾಗ ಸುಮ್ನಿರಬೇಡಿ, ಅದೂ ತಪ್ಪು. 1 ಪೇತ್ರ 3:15ರಲ್ಲಿ ನಿಮ್ಮ ನಿರೀಕ್ಷೆಗೆ ಕಾರಣ ಕೇಳಿದವರಿಗೆ ಉತ್ತರ ಕೊಡೋಕೆ ಸಿದ್ಧವಾಗಿರಿ, ಆದ್ರೆ ಸಾತ್ವಿಕವಾಗಿ, ಗೌರವದಿಂದ ಅಂತ ಇದೆ. ಮೂರು ನಿಮಿಷದಲ್ಲಿ ನಿಮ್ಮ ಕಥೆ ಹೇಳೋಕೆ ಪ್ರಾಕ್ಟೀಸ್ ಮಾಡ್ಕೊಳಿ, ಚರ್ಚ್ ಕನ್ನಡದಲ್ಲಲ್ಲ, ಮನೆ ಕನ್ನಡದಲ್ಲಿ. "ಅಭಿಷೇಕ" ಅಂದ್ರೆ ಪಕ್ಕದ ಮನೆ ಅಕ್ಕನಿಗೆ ಹಾಲಿನ ಅಭಿಷೇಕ ನೆನಪಾಗತ್ತೆ, "ಹೊಸದಾಗಿ ಹುಟ್ಟಿದೆ" ಅಂದ್ರೆ ಪುನರ್ಜನ್ಮ ಅನ್ಕೋತಾರೆ. ತಪ್ಪು ಅವರದಲ್ಲ. 1853ರಲ್ಲಿ ಜರ್ಮನಿಯಿಂದ ಈ ಕಡೆಗೆ ಬಂದ ಬಾಸೆಲ್ ಮಿಷನ್ನಿನ ರೆವರೆಂಡ್ ಕಿಟೆಲ್ ಇಲ್ಲಿನ ಮಾತನ್ನ ಎಷ್ಟು ವರ್ಷ ಕಿವಿಗೊಟ್ಟು ಕೇಳಿರಬೇಕು, 1894ರಲ್ಲಿ ಬಂದ ಅವರ ಕನ್ನಡ ನಿಘಂಟಿನಲ್ಲಿ ಸುಮಾರು 70,000 ಪದ, ಗಾದೆಗಳೂ ಇವೆ. ಚರ್ಚ್ ಮೆಟ್ಟಿಲು ಹತ್ತದ ಕನ್ನಡಿಗರೂ ಇವತ್ತಿಗೂ ಅವರ ಹೆಸರನ್ನ ಪ್ರೀತಿಯಿಂದ ಹೇಳ್ತಾರೆ. ಹೊರಗಿಂದ ಬಂದವರು ಅಷ್ಟು ಮಾಡಿದಾರೆ, ಇಲ್ಲೇ ಹುಟ್ಟಿದ ನಾವು ನಮ್ಮ ಪಕ್ಕದ ಮನೆಯವರಿಗೆ ಅರ್ಥ ಆಗೋ ಹಾಗೆ ಮಾತಾಡೋಕೆ ಕಲಿಯಬಹುದಲ್ವಾ.

ಯಾರಾದ್ರೂ ನೋಯಿಸಿದಾಗ

ಇದನ್ನ ನಾನು ತುಂಬಾ ಹೇಳೋಕೆ ಹೋಗಲ್ಲ, ಯಾಕಂದ್ರೆ ನಂಗಿನ್ನೂ ಪೂರ್ತಿ ಬಂದಿಲ್ಲ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಕುಷ್ಠರೋಗಿಗಳ ಸೇವೆ ಮಾಡ್ತಿದ್ದ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಸಣ್ಣ ಗಂಡುಮಕ್ಕಳನ್ನ ಜೀಪಲ್ಲೇ ಸುಟ್ರು. ಅವರ ಹೆಂಡ್ತಿ ಗ್ಲಾಡಿಸ್ ಸ್ಟೇನ್ಸ್, ಕೊಂದವರನ್ನ ಕ್ಷಮಿಸಿದೀನಿ ಅಂದ್ರು, ಹೇಳಿದ್ದಷ್ಟೇ ಅಲ್ಲ, ಮಗಳನ್ನ ಕರ್ಕೊಂಡು ತಕ್ಷಣ ದೇಶ ಬಿಟ್ಟು ಹೋಗದೆ ಬಾರಿಪದದಲ್ಲೇ ಇನ್ನೂ ಕೆಲವು ವರ್ಷ ಕುಷ್ಠರೋಗಿಗಳ ಜೊತೆ ಉಳಿದ್ರು. 2005ರಲ್ಲಿ ಸರ್ಕಾರ ಪದ್ಮಶ್ರೀ ಕೊಡ್ತು. ಅಷ್ಟು ದೊಡ್ಡದು ನಮ್ಮ ಕೈಲಾಗತ್ತೋ ಇಲ್ವೋ, ವಾಟ್ಸಾಪ್ ಗ್ರೂಪಲ್ಲಿ ನಮ್ಮ ಧರ್ಮದ ಬಗ್ಗೆ ಯಾರೋ ಏನೋ ಹಾಕಿದಾಗ ವಾಪಸ್ ಬೈಯದೆ ಫೋನ್ ಕೆಳಗಿಟ್ಟು ಒಂದು ರಾತ್ರಿ ಕಾಯೋದಂತೂ ಆಗತ್ತೆ. ಬೆಳಿಗ್ಗೆ ಬೇಕಾದ್ರೆ ಅವರಿಗೊಬ್ಬರಿಗೇ ಫೋನ್ ಮಾಡಿ ಮಾತಾಡಿ.

ಇದನ್ನ ಮುಂದುವರಿಸೋಕೆ

ನಿಮ್ಮನ್ನ ಹೊಗಳದ ಒಬ್ಬ ಸ್ನೇಹಿತೆನೋ ಸ್ನೇಹಿತನೋ ಬೇಕು. ವಾರಕ್ಕೊಂದ್ಸಲ ಫೋನಲ್ಲಿ "ಈ ವಾರ ನನ್ನಿಂದ ಯಾರಿಗೆ ಬೇಜಾರಾಯ್ತು, ಆ ಪೇಪರಲ್ಲಿ ಎಷ್ಟು ಬಾಕಿ ಇದೆ" ಅಂತ ಇಬ್ರೂ ಒಬ್ಬರಿಗೊಬ್ಬರು ಹೇಳ್ಕೊಳಿ, ಮನೆಯವರನ್ನೂ ಕೇಳಿ, ಅವರು ಹೇಳೋದು ಖಾರವಾಗಿರತ್ತೆ ಆದ್ರೆ ನಿಜ ಇರತ್ತೆ. ನನ್ನಿಂದ ಎಷ್ಟು ಜನ ಬದಲಾದ್ರು ಅಂತ ಲೆಕ್ಕ ಇಡೋಕೆ ಮಾತ್ರ ಹೋಗ್ಬೇಡಿ, ಆ ಲೆಕ್ಕ ನಮ್ಮ ಹತ್ರ ಇಲ್ಲ.

ಮತ್ತೆ ಆ ಭಾನುವಾರದ ರಜಾ ವಿಷಯ, ಹೇಳೋಕೆ ಮುಂಚೆ ಪಾತ್ರೆ ಯಾರು ತೊಳೀಬೇಕು ಅಂತ ಮನೇಲಿ ಮೊದ್ಲೇ ಮಾತಾಡ್ಕೊಳಿ, ಇಲ್ದಿದ್ರೆ ಎರಡನೇ ವಾರಕ್ಕೇ ಜಗಳ ಆಗಿ ನಿಂತುಹೋಗತ್ತೆ. ನಮ್ಮನೇಲಿ ಯಜಮಾನ್ರು ತೊಳೀತಾರೆ, ಮಗ ಒರೆಸಿ ಜೋಡಿಸ್ತಾನೆ, ನಾನು ಒಲೆ ಕಟ್ಟೆ ಕ್ಲೀನ್ ಮಾಡ್ತೀನಿ.